ಕೇಳದೆ ಕೊಯ್ದ ಮುಂಡೇವು

ಆ ಚೀಲ ನನ್ನ ಕಣ್ಣಿಗೆ ಬೀಳುವ ಮೊದಲೇ ಅದರ ವಾಸನೆ ಬಂದಿತ್ತು. ದುಬೈಯಲ್ಲಿ ನಮ್ಮ ಇಗರ್ಜಿಗೆ ಜನ ಸೇರುವುದು ಶುಕ್ರವಾರ. ಮಾಸ್ ಮುಗಿದ ಮೇಲೆ ಮಗಳು ಪಾರ್ಕಿಂಗಿನ ಜಂಗುಳಿಯಿಂದ ಕಾರು ಬಿಡಿಸಿಕೊಂಡು ಬರುವವರೆಗೆ ನಾನು ಅಂಗಳದ ನೆರಳಿನ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಆ ದಿನ ಯಾರೋ ಪಕ್ಕದಲ್ಲಿ ಕೂತು, ನಮ್ಮಿಬ್ಬರ ನಡುವೆ ಒಂದು ಚೀಲ ಇಟ್ಟರು. ಒಣಗಿದ ಎಲೆಯ, ಬಿಸಿಲಿಗೆ ಕಾದ ಚಾಪೆಯ ವಾಸನೆ. ನೋಡಿದರೆ ಉದ್ದುದ್ದ ಎಲೆ ಸೀಳಿ ಹೆಣೆದ ಚೀಲ. ಅನುಮತಿ ಕೇಳದೆ ಅದರ ಮೇಲೆ ಕೈಯಾಡಿಸಿಬಿಟ್ಟೆ.

“ಇದು ಮುಂಡೇವು,” ಎಂದೆ. ಬಾಯಿಗೆ ಬಂದದ್ದು ಊರಿನ ಮಾತೇ, ಕೇದಗೆಯ ಜಾತಿಯ ಗಿಡಕ್ಕೆ ನಮ್ಮ ಕರಾವಳಿಯಲ್ಲಿ ಹೇಳುವ ಹೆಸರು.

ಚೀಲದ ಒಡತಿ ನನ್ನ ಕಡೆ ತಿರುಗಿದಳು. ಐವತ್ತರ ಆಸುಪಾಸಿನ, ಅಗಲ ಭುಜದ, ಗುಂಗುರು ಕೂದಲಿನ ಕಪ್ಪು ಹೆಂಗಸು. “ಏನಂದಿರಿ ಮದಾಂ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಎಲೆ ತೋರಿಸಿದೆ. “ಓ, ವಕ್ವಾ,” ಎಂದಳು. “ನನ್ನ ಅಕ್ಕ ಹೆಣೆದದ್ದು. ನಮ್ಮ ದ್ವೀಪದ್ದು.”

ಅವಳ ದ್ವೀಪದ ಹೆಸರು ರೊಡ್ರಿಗ್ಸ್. ಮಾರಿಷಸ್ಸೇ ನನಗೆ ಭೂಮಿಯ ಕೊನೆ ಅನ್ನಿಸುತ್ತಿತ್ತು. ಅವಳ ಊರು ಅದಕ್ಕೂ ಆಚೆ, ಹಡಗಿನಲ್ಲಿ ಹೋದರೆ ರಾತ್ರಿ ಕಳೆಯಬೇಕಾದಷ್ಟು ದೂರ. ಕಾನ್ವೆಂಟಿನಲ್ಲಿ ಓದಿ, ಅದೇ ಕಾನ್ವೆಂಟಿನಲ್ಲಿ ನಿವೃತ್ತಿಯವರೆಗೆ ಇಂಗ್ಲಿಷ್ ಕಲಿಸಿದವಳು ನಾನು. ಗೋಡೆಯ ಮೇಲಿದ್ದ ಪ್ರಪಂಚದ ಮ್ಯಾಪಿನಲ್ಲಿ ಅಂಥದೊಂದು ಚುಕ್ಕೆ ಇದ್ದದ್ದು ಗೊತ್ತಿರಲಿಲ್ಲ. ಅವಳು ಇಲ್ಲೊಂದು ಹೋಟೆಲಿನ ಲಿನನ್ ರೂಮಿನಲ್ಲಿ ಹರಿದ ಚಾದರಗಳಿಗೆ ಹೊಲಿಗೆ ಹಾಕುವ ಕೆಲಸದಲ್ಲಿದ್ದಳು. ವಾಸ ಕರಾಮದಲ್ಲಿ, ನಮ್ಮ ಫ್ಲ್ಯಾಟಿನ ಹಿಂದಿನ ಬೀದಿಯಲ್ಲೇ, ಬೇರೆ ಹೆಂಗಸರ ಜೊತೆ ಹಂಚಿಕೊಂಡ ರೂಮಿನ ಒಂದು ಬೆಡ್‌ಸ್ಪೇಸಿನಲ್ಲಿ.

ಅಂದಿನಿಂದ ಅವಳಿಗೆ ರಜೆ ಇದ್ದ ಸಂಜೆ ನಾವಿಬ್ಬರೂ ಒಟ್ಟಿಗೆ ವಾಕಿಂಗ್ ಹೋಗುವುದು ರೂಢಿಯಾಯಿತು. ಮಾತೆಲ್ಲ ಎಲೆಯದ್ದೇ. ಅವಳ ಕಡೆ ವಕ್ವಾದ ಮುಳ್ಳು ತೆಗೆದು, ಬೇಯಿಸಿ, ಒಣಗಿಸಿ, ಸೀಳಿ ಚಾಪೆ ಹೆಣೆಯುತ್ತಾರೆ. ಅವರೆಕಾಳು ಒಣಗಿಸುವುದು ಆ ಚಾಪೆಯ ಮೇಲೆ, ಮಗು ಮಲಗುವುದು ಅದರ ಮೇಲೆ. ಮಾಸಿಗೆ ಹಾಕಿಕೊಳ್ಳುವ ಟೋಪಿಯೂ ಅದೇ ಎಲೆಯದು. ಲತಾನಿಯೆ ಎಂಬ ಇನ್ನೊಂದು ಮರವುಂಟು, ತಾಳೆಯ ಜಾತಿ. ಹಿಂದೆ ಮನೆಗೆ ಮಾಡು ಹೊದಿಸುತ್ತಿದ್ದದ್ದು ಅದರ ಗರಿಯಿಂದಲಂತೆ.

“ನೀವು ಏನು ಮಾಡ್ತೀರಿ ಇದರಿಂದ?” ಎಂದು ಕೇಳಿದಳು.

ಮೂಡೆಯ ಬಗ್ಗೆ ಹೇಳಿದೆ. ಎಲೆಯ ಎರಡು ಅಂಚಿನ ಮತ್ತು ನಡುದಿಂಡಿನ ಮುಳ್ಳು ಹೆರೆದು ತೆಗೆಯಬೇಕು. ಬೆಂಕಿಗೆ ಹಿಡಿದು ಬಾಡಿಸಬೇಕು. ಬೆರಳಿಗೆ ಸುತ್ತಿ ಸುತ್ತಿ ಲೋಟದ ಹಾಗೆ ಮಾಡಿ, ತಳ ಮಡಚಿ, ಕಡ್ಡಿ ಚುಚ್ಚಿ ನಿಲ್ಲಿಸಬೇಕು. ಒಳಗೆ ಇಡ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಬೇಕು. ಬಿಚ್ಚಿ ತಿನ್ನುವಾಗ ಹಿಟ್ಟಿಗೆ ಎಲೆಯ ಪರಿಮಳ ಹತ್ತಿರುತ್ತದೆ.

ಅವಳು ನಡಿಗೆ ನಿಲ್ಲಿಸಿ ನಕ್ಕಳು. “ಅಂದರೆ ನನ್ನ ಅಜ್ಜನ ಟೋಪಿಯಲ್ಲಿ ನೀವು ಅನ್ನ ಬೇಯಿಸ್ತೀರಿ.”

“ನಿಮ್ಮಜ್ಜ ನಮ್ಮ ಬ್ರೇಕ್‌ಫಾಸ್ಟ್ ತಲೆ ಮೇಲೆ ಇಟ್ಕೊಂಡು ಇಗರ್ಜಿಗೆ ಹೋಗ್ತಿದ್ದ,” ಎಂದೆ.

ಒಂದು ಸಂಜೆ ಅವಳು ನನ್ನನ್ನು ಮೆಟ್ರೊ ಸ್ಟೇಷನ್ನಿನ ಆಚೆಯ ಬೀದಿಗೆ ಕರೆದುಕೊಂಡು ಹೋದಳು. ಅವಳು ಕೆಲಸ ಮಾಡುವುದಲ್ಲದ ಬೇರೊಂದು ಹೋಟೆಲಿನ ಗೇಟಿನಿಂದ ಒಳಗೆ, ಡ್ರೈವ್‌ವೇಯ ಪಕ್ಕದಲ್ಲಿ, ಸಾಲಾಗಿ ನಿಂತಿದ್ದವು. ಬುಡದಿಂದ ಊರುಗೋಲಿನ ಹಾಗೆ ಬೇರು ಇಳಿಬಿಟ್ಟ ಮರಗಳು, ತಲೆಯ ಮೇಲೆ ತಿರುಚಿಕೊಂಡು ಏರಿದ ಉದ್ದನೆಯ ಎಲೆ. “ಇದು ನಮ್ಮ ವಕ್ವಾ ಅಲ್ಲ. ಮಡಗಾಸ್ಕರ್ ಕಡೆಯದು. ಕಸಿನ್ ಅನ್ನಿ,” ಎಂದಳು. ಡ್ಯೂಟಿಗೆ ಹೋಗುವಾಗ ದಿನಾ ಅವುಗಳಿಗೆ ಬೊಂಝೂರ್ ಹೇಳಿ ಹೋಗುತ್ತಾಳಂತೆ.

ಆಗ ಮೊಂತಿ ಹಬ್ಬ ಹತ್ತಿರ ಬಂದಿತ್ತು. ಮರಿಯಮ್ಮನವರ ಹುಟ್ಟುಹಬ್ಬ, ಹೊಸ ಅಕ್ಕಿಯ ಹಬ್ಬ. ನಮ್ಮ ಮನೆಯಲ್ಲಿ ಆ ದಿನ ಬೆಳಿಗ್ಗೆ ಮೂಡೆ, ಬೆಲ್ಲ ಹಾಕಿದ ತೆಂಗಿನ ಹಾಲು. ಕರಾಮದ ಅಂಗಡಿಗಳಿಗೆ ಊರಿನಿಂದ ಬಾಳೆ ಎಲೆ ಬರುತ್ತದೆ, ಹರಿವೆ ಬರುತ್ತದೆ, ಕೆಸುವಿನ ದಂಟೂ ಬರುತ್ತದೆ. ಆ ವರ್ಷ ಎಷ್ಟು ಅಂಗಡಿ ಸುತ್ತಿದರೂ ಮೂಡೆಯ ಎಲೆ ಸಿಗಲಿಲ್ಲ.

“ಸ್ಟೀಲ್ ಲೋಟದಲ್ಲಿ ಬೇಯಿಸು ಮಮ್ಮಿ. ಅದೇ ಹಿಟ್ಟು, ಅದೇ ಶೇಪ್,” ಎಂದಳು ಮಗಳು. ಮನೆಯಲ್ಲಿ ನಾವಾಡುವುದು ಕೊಂಕಣಿ. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ, ಅವಳ ಇಂಗ್ಲಿಷ್ ಮಾತ್ರ ಇದ್ದ ಹಾಗೇ ಇದೆ.

“ಶೇಪ್ ತಿನ್ನುದಾ ಪುತಾ ನಾವು?”

“ಮತ್ತೆಂತ, ಎಲೆ ತಿನ್ನುದಾ?”

ನನ್ನ ಗೆಳತಿ ಬೇರೆ ದಾರಿ ಹೇಳಿದಳು. “ಆ ಹೋಟೆಲಿನ ತೋಟದವರು ಆಗಾಗ ಕೆಳಗಿನ ಎಲೆ ಕತ್ತರಿಸಿ ಬಿಸಾಡ್ತಾರೆ ಮದಾಂ. ಕೇಳಿದರೆ ಕೊಡ್ತಾರೆ.”

ಕೇಳುವುದು. ನಾನು ಸೋತದ್ದು ಅಲ್ಲೇ. ಒಳ್ಳೆಯ ಮನೆಯ ಹುಡುಗಿಯರು ಯಾರ ಮುಂದೆಯೂ ಕೈ ಒಡ್ಡುವುದಿಲ್ಲ ಎಂದು ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಬೋರ್ಡಿಂಗಿನಲ್ಲಿ ಎರಡನೆಯ ಸಲ ಗಂಜಿ ಬೇಕಾದರೂ ಬಟ್ಟಲು ಮುಂದೆ ಸರಿಸಿ ಸುಮ್ಮನೆ ಕೂರಬೇಕು, ಬಾಯಿ ಬಿಡಬಾರದು. ಆ ಶಿಸ್ತು ನನಗೆ ಚರ್ಮವೇ ಆಗಿಹೋಗಿದೆ. ಬಸ್ಸಿನಲ್ಲಿ ಸೀಟು ಕೇಳಲಾರೆ, ಅಂಗಡಿಯಲ್ಲಿ ರೇಟು ಕಡಿಮೆ ಮಾಡಿ ಎನ್ನಲಾರೆ. ಇನ್ನೊಂದು ಕಡೆಯಿಂದ ನೋಡಿದರೆ, ಮುಂಡೇವು ನಮ್ಮೂರಿನಲ್ಲಿ ಯಾರ ಸೊತ್ತೂ ಅಲ್ಲ. ತೋಡಿನ ಬದಿಯಲ್ಲಿ ತಾನಾಗಿ ಬೆಳೆಯುತ್ತದೆ. ಹಬ್ಬದ ಮುನ್ನಾದಿನ ಯಾರ ಮನೆಯವರು ಬೇಕಾದರೂ ಕತ್ತಿ ಹಿಡಿದು ಹೋಗುತ್ತಾರೆ, ಹಾವಿಗೆ ಹೆದರಿ ಎರಡು ಸಲ ಕೋಲು ಬಡಿಯುತ್ತಾರೆ, ಕೊಯ್ದು ತರುತ್ತಾರೆ. ಅದನ್ನು ಯಾರ ಹತ್ತಿರ ಹೋಗಿ ಕೇಳುವುದು?

ಹೀಗೆ ಎರಡು ಕಡೆಯಿಂದಲೂ ನನಗೆ ನಾನೇ ಸಮಾಧಾನ ಹೇಳಿಕೊಂಡು, ಅಡುಗೆಮನೆಯ ಕತ್ತರಿಯನ್ನು ಕರ್ಚೀಫಿನಲ್ಲಿ ಸುತ್ತಿ ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡು, ಒಂದು ಮಧ್ಯಾಹ್ನ ಒಬ್ಬಳೇ ಹೊರಟೆ. ಸೆಪ್ಟೆಂಬರಿನ ಬಿಸಿಲು. ಗೇಟಿನಲ್ಲಿ ಯಾರೂ ಇರಲಿಲ್ಲ. ಎಲೆ ನಮ್ಮದಕ್ಕಿಂತ ಅಗಲ, ದಪ್ಪ. ಅಂಚಿನ ಮುಳ್ಳು ಕೆಂಪಗೆ, ಹತ್ತಿರ ಹತ್ತಿರ. ಮೂರೋ ನಾಲ್ಕೋ ಎಲೆ ಕತ್ತರಿಸಿದ್ದೆ, ಅಷ್ಟರಲ್ಲಿ ನನ್ನ ಫ್ರಾಕಿನ ತೋಳು ಮುಳ್ಳಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋಗಿ ಇನ್ನೊಂದು ತೋಳೂ ಸಿಕ್ಕಿತು. ಸೆಕ್ಯೂರಿಟಿಯವನು ಓಡಿ ಬಂದಾಗ ನಾನು ಮರವನ್ನು ಅಪ್ಪಿಕೊಂಡ ಹಾಗೆ ನಿಂತಿದ್ದೆ, ಕೈಯಲ್ಲಿ ಕತ್ತರಿ.

ಅವನು ವಾಕಿಟಾಕಿಯಲ್ಲಿ ಸೂಪರ್‌ವೈಸರನನ್ನು ಕರೆದ. ಬಂದವನು ಮುಳ್ಳಿನಿಂದ ಬಟ್ಟೆಯನ್ನು ಒಂದೊಂದೇ ಎಳೆಯಾಗಿ ಬಿಡಿಸಿದ. ನನ್ನ ಮುಖ ನೋಡಿದ, ಎಲೆ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ, “ಮೂಡೆಗಾ ಬಾಯಮ್ಮ?”

ಬಂಟ್ವಾಳದ ಕಡೆಯ ಬ್ಯಾರಿ ಮುಸಲ್ಮಾನ, ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವ ಊರಿನವನು. ಇಡೀ ದುಬೈಯಲ್ಲಿ ನನ್ನನ್ನು ಹಿಡಿಯಲು ಇವನೇ ಬೇಕಿತ್ತೇ ಅನ್ನಿಸಿತು. ನಮ್ಮೂರಿನವರ ಎದುರು ಕಳ್ಳಿಯಾಗುವುದು ಬೇರೆಯವರ ಎದುರು ಆದ ಹಾಗಲ್ಲ. ತಲೆ ತಗ್ಗಿಸಿ ಹೂಂ ಎಂದೆ.

“ಒಂದು ಮಾತು ಹೇಳಿದ್ದರೆ ನಾನೇ ಕೊಡಿಸ್ತಿದ್ದೆ. ಈಗ ಮ್ಯಾನೇಜರ್ ಕ್ಯಾಮೆರಾದಲ್ಲಿ ನೋಡಿ ಆಯ್ತು,” ಎಂದ.

ಮ್ಯಾನೇಜರ್ ಕೋಟು ಹಾಕಿದ ಎತ್ತರದ ಬಿಳಿಯ. ಸಿಟ್ಟಿನ ಮನುಷ್ಯನೇನಲ್ಲ. ಆದರೆ ಹೋಟೆಲಿನ ಆಸ್ತಿ, ರಿಪೋರ್ಟ್ ಮಾಡಬೇಕಾಗುತ್ತದೆ, ನಿಮ್ಮ ಮನೆಯವರನ್ನು ಕರೆಸಿ ಎಂದ. ಲಾಬಿಯ ಸೋಫಾದಲ್ಲಿ ನನ್ನನ್ನು ಕೂರಿಸಿದರು. ಕತ್ತರಿಯನ್ನೂ ಎಲೆಗಳನ್ನೂ ಎದುರಿನ ಗಾಜಿನ ಟೇಬಲ್ಲಿನ ಮೇಲೆ ಸಾಕ್ಷಿಗಳ ಹಾಗೆ ಇಟ್ಟರು. ಹೋಗಿ ಬರುವ ಗೆಸ್ಟ್‌ಗಳು ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು. ಬಾಯಿಗೆ ಚಂದದ ವಾಕ್ಯ ಬರುತ್ತಿತ್ತು. ಸರ್, ಕೈಂಡ್ಲಿ ಅಲೌ ಮಿ ಟು ಎಕ್ಸ್‌ಪ್ಲೇನ್. ಅಷ್ಟು ವರ್ಷ ಮಕ್ಕಳಿಗೆ ಕಲಿಸಿದ ವಾಕ್ಯ. ಹೇಳಲು ಹೊರಟಿದ್ದೆ, ಆಗಲೇ ಮಗಳು ಬಂದಳು, ಕ್ಲಿನಿಕ್ಕಿನ ಬ್ಯಾಡ್ಜ್ ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

ಅವಳು ಟೇಬಲ್ ನೋಡಿದಳು, ನನ್ನನ್ನು ನೋಡಿದಳು. ಮ್ಯಾನೇಜರನ ಕಡೆ ತಿರುಗಿ, “ಐ ಆ್ಯಮ್ ಸೋ ಸಾರಿ. ಮೈ ಮದರ್ ಹ್ಯಾಸ್ ಎ ಮೆಮೊರಿ ಪ್ರಾಬ್ಲಮ್. ಶಿ ಡಸಂಟ್ ನೋ ವೇರ್ ಶಿ ಈಸ್. ಶಿ ಥಿಂಕ್ಸ್ ಶಿ ಈಸ್ ಬ್ಯಾಕ್ ಹೋಮ್,” ಎಂದಳು.

ಮ್ಯಾನೇಜರನ ಮುಖ ಕರಗಿದ್ದನ್ನು ನಾನು ಕಣ್ಣಾರೆ ಕಂಡೆ. ಅವನು ಬಗ್ಗಿ, ಮಂಡಿಯ ಮೇಲೆ ಕೈಯಿಟ್ಟು, ನಿಧಾನವಾಗಿ, ದೊಡ್ಡ ದನಿಯಲ್ಲಿ ಕೇಳಿದ, “ಹೌ ಆರ್ ಯೂ, ಮಾಮಾ? ಆಲ್ ಗುಡ್?”

ನನ್ನ ಚಂದದ ವಾಕ್ಯ ಈಗ ಹೇಳುವಂತಿರಲಿಲ್ಲ. ಬಾಯಿ ಬಿಟ್ಟರೆ ಮಗಳು ಸುಳ್ಳಿಯಾಗುತ್ತಾಳೆ. ಬಿಡದಿದ್ದರೆ ನಾನು ಮರುಳಿ. ನಾನು ನಕ್ಕೆ. ಹೇಗೆ ನಕ್ಕೆನೋ, ಅಂಥ ನಗು ನನ್ನ ಮುಖದಲ್ಲಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ಯಾರೋ ಮಾವಿನ ಜ್ಯೂಸ್ ತಂದರು, ಸ್ಟ್ರಾ ಚುಚ್ಚಿ ನನ್ನ ತುಟಿಯ ಹತ್ತಿರ ಹಿಡಿದರು. ನಾನು ಕುಡಿದೆ. ಕಂಬದ ಹತ್ತಿರ ನಿಂತಿದ್ದ ಬ್ಯಾರಿ ಸೂಪರ್‌ವೈಸರ್ ಮುಖ ಆಚೆ ತಿರುಗಿಸಿಕೊಂಡ. ನನಗೆ ಬುದ್ಧಿ ಸರಿಯಿದೆ ಎಂದು ಆ ಲಾಬಿಯಲ್ಲಿ ಗೊತ್ತಿದ್ದ ಹೊರಗಿನವನು ಎಂದರೆ ಅವನೊಬ್ಬನೇ.

ಕಾರು ಗೇಟು ದಾಟಿದ ಮೇಲೆ ನಾನೇ, “ಕದ್ದಿದ್ದಾಳೆ ಅಂತಲೇ ಹೇಳಬಹುದಿತ್ತು. ಫೈನ್ ಕಟ್ತಿದ್ದೆ,” ಎಂದೆ.

“ಫೈನಲ್ಲೇ ಮುಗಿಯುತ್ತಾ ಮಮ್ಮಿ? ಪೊಲೀಸ್ ಬಂದಿದ್ದರೆ? ನಿನ್ನ ವೀಸಾ ನಿನ್ನ ಅಳಿಯನ ಹೆಸರಲ್ಲಿ ಉಂಟು, ರಿನ್ಯೂವಲ್ ಹತ್ತಿರ ಬಂತು. ನಾನು ಇನ್ನೆಂತ ಹೇಳ್ಬೇಕಿತ್ತು?” ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಸ್ಟೀರಿಂಗಿಗೆ ಹಣೆ ಒತ್ತಿದಳು. “ಟೀಚರಮ್ಮ. ಕತ್ತರಿ ಹಿಡ್ಕೊಂಡು. ದೇವರೇ.”

ಮನೆಗೆ ಬಂದ ಮೇಲೆ ನನ್ನ ಹತ್ತಿರವಿದ್ದ ಫ್ಲ್ಯಾಟಿನ ಕೀ ಎಲ್ಲಿ ಎಂದು ಕೇಳಿದಳು. ಹ್ಯಾಂಡ್‌ಬ್ಯಾಗಿನಿಂದ ತೆಗೆದುಕೊಟ್ಟೆ. ಅದು ತಿರುಗಿ ನನ್ನ ಬ್ಯಾಗಿಗೆ ಬರಲಿಲ್ಲ.

ಒಂದು ಸುಳ್ಳು ಲಾಬಿಯಲ್ಲಿ ಹುಟ್ಟಿದರೆ ಅಲ್ಲೇ ಉಳಿಯುತ್ತದೆ ಎಂದುಕೊಂಡಿದ್ದೆ. ಅಳಿಯನ ಕೆಲಸ ಅಬುಧಾಬಿ ಆಚೆಯ ಮದೀನತ್ ಜಾಯೆದಿನ ಗ್ಯಾಸ್ ಪ್ಲಾಂಟಿನಲ್ಲಿ. ಮನೆಗೆ ಬರುವುದು ಗುರುವಾರ. ಅತ್ತೆ ಎಲೆ ಕದ್ದು ಸಿಕ್ಕಿಬಿದ್ದರು ಎಂದು ಗಂಡನಿಗೆ ಹೇಳಲು ಮಗಳಿಗೆ ನಾಚಿಕೆಯಾಗಿರಬೇಕು. ಅವನಿಗೂ ಮರೆವಿನ ಕಥೆಯನ್ನೇ ಹೇಳಿದಳು. ಬಂದವನು ಶೂ ಬಿಚ್ಚುವ ಮೊದಲೇ ನನ್ನ ಪಕ್ಕ ಕೂತು, “ಮಮ್ಮಿ, ನಾನು ಬಂದೆ. ಇವತ್ತು ಗುರುವಾರ,” ಎಂದ. ಒಳ್ಳೆಯ ಹುಡುಗ. ಸ್ಟವ್ ಆಫ್ ಮಾಡಿದ್ದೀರಾ ಎಂದು ಎದ್ದುಹೋಗಿ ನೋಡಿ ಬಂದ. ಮೊಮ್ಮಗಳು ನನ್ನ ರೂಮಿನ ಬಾಗಿಲಿಗೆ ಬಣ್ಣದ ಪೆನ್ಸಿಲಿನಲ್ಲಿ ‘ಗ್ರಾನೀಸ್ ರೂಮ್’ ಎಂದು ಬರೆದು ಅಂಟಿಸಿದಳು, ಬಾತ್‌ರೂಮಿಗೆ ಬಾಣದ ಗುರುತು.

ಇಗರ್ಜಿಗೂ ಮುಟ್ಟಿತು. ಅಳಿಯ ಯಾರ ಹತ್ತಿರವೋ ಒಳ್ಳೆಯ ಡಾಕ್ಟರ್ ಯಾರು ಎಂದು ವಿಚಾರಿಸಿದ್ದನಂತೆ. ನಮ್ಮ ಕೊಂಕಣಿ ಪಂಗಡದ ಹೆಂಗಸೊಬ್ಬಳು ಬೆಂಚಿನ ಹತ್ತಿರ ಬಂದು, ನನ್ನ ಗಲ್ಲ ಹಿಡಿದು, “ಆಂಟಿ, ನಾನು ಯಾರು ಗೊತ್ತುಂಟಾ?” ಎಂದಳು.

“ಗೊತ್ತುಂಟು. ಕ್ವಾಯರಿನಲ್ಲಿ ಶ್ರುತಿ ಬಿಟ್ಟು ಹಾಡುವವಳು,” ಎಂದೆ.

ಅವಳು ಬೇಸರಿಸಲೇ ಇಲ್ಲ. ಪಕ್ಕದವಳಿಗೆ ಕಣ್ಸನ್ನೆ ಮಾಡಿ, “ಈ ಕಾಯಿಲೆಯಲ್ಲಿ ಹೀಗೆಯೇ, ಸ್ವಭಾವ ಬದಲಾಗ್ತದಂತೆ,” ಎಂದಳು. ಎಂಥ ಬಲೆ ನೋಡಿ. ಸುಮ್ಮನಿದ್ದರೆ ಮರೆವು, ಮಾತಾಡಿದರೆ ಸ್ವಭಾವ ಬದಲಾದದ್ದು. ಗಂಡ ಹೋದ ಮೇಲೆ ಈ ಊರಿಗೆ ಬಂದವಳು ನಾನು. ಮನೆಯಿಲ್ಲ, ಕೆಲಸವಿಲ್ಲ, ನನ್ನದು ಎಂದು ಇದ್ದದ್ದು ತಲೆಯೊಂದೇ. ಅದೂ ಹೋಯಿತೆಂದು ಜನ ಮೆಲ್ಲಗೆ ಬೆನ್ನು ತಟ್ಟುತ್ತಿದ್ದರು.

ಅವರೆಲ್ಲ ಹೋದ ಮೇಲೆ ನನ್ನ ದ್ವೀಪದ ಗೆಳತಿ ಬಂದು ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, “ನಿಮ್ಮ ತಲೆ ಹೋಗಿದೆ ಅಂತ ಕೇಳಿದೆ. ಹೌದಾ?” ಎಂದಳು. ಹಾಗೆ ನೇರವಾಗಿ ನನ್ನನ್ನೇ ಕೇಳಿದವಳು ಅವಳೊಬ್ಬಳು.

ಎಲ್ಲವನ್ನೂ ಹೇಳಿದೆ. ಕತ್ತರಿ, ಫ್ರಾಕಿನ ತೋಳು, ಜ್ಯೂಸಿನ ಸ್ಟ್ರಾ. ಹೇಳುತ್ತಾ ನನಗೆ ಅಳು ಬಂತು. ಅವಳಿಗೆ ನಗು ಬಂತು. ನಕ್ಕು ನಕ್ಕು ಚೀಲದಿಂದಲೇ ಕಣ್ಣೊರೆಸಿಕೊಂಡಳು.

“ಕೇಳಿ ಮದಾಂ,” ಎಂದಳು. “ನಮ್ಮ ದ್ವೀಪದಲ್ಲಿ ಒಂದು ಗಿಡ ಉಂಟು. ಕಾಫೆ ಮಾರೋನ್ ಅಂತೀವಿ, ಬಿಳಿ ಹೂ. ಬೇರೆ ಎಲ್ಲಿಯೂ ಇಲ್ಲ, ನಮ್ಮಲ್ಲಿಯೂ ಸತ್ತೇ ಹೋಯ್ತು ಅಂದುಕೊಂಡಿದ್ದರು. ಆಮೇಲೆ ರಸ್ತೆ ಬದಿಯಲ್ಲಿ ಒಂದು ಗಿಡ ಸಿಕ್ಕಿತು. ಇಡೀ ಪ್ರಪಂಚಕ್ಕೆ ಒಂದೇ. ಸುತ್ತ ಬೇಲಿ ಹಾಕಿದರು. ಆದರೆ ಹಿಂದಿನಿಂದ ಅದು ನಮಗೆ ಮದ್ದು. ಹೆಚ್ಚು ಕುಡಿದ ಮಾರನೆಯ ದಿನಕ್ಕೆ. ಜನ ಬೇಲಿ ಹಾರಿದರು. ಇನ್ನೊಂದು ಬೇಲಿ ಹಾಕಿದರು, ಅದನ್ನೂ ಹಾರಿದರು. ನನ್ನ ಚಿಕ್ಕಪ್ಪನೂ ಹಾರಿದ. ಭೂಮಿಯ ಮೇಲೆ ಉಳಿದ ಕಟ್ಟಕಡೆಯ ಗಿಡದ ಕೊಂಬೆ ಮುರಿದು, ಕಷಾಯ ಕುಡಿದು ಮಲಗಿದ. ಅವನಿಗೆ ನಾಚಿಕೆ ಆಗಲಿಲ್ಲ. ನಿಮಗೆ ಹೋಟೆಲಿನ ನಾಲ್ಕು ಎಲೆಗೆ ಇಷ್ಟು ನಾಚಿಕೆಯಾ?”

“ತಲೆನೋವು ಹೋಯಿತಾ ನಿಮ್ಮ ಚಿಕ್ಕಪ್ಪನಿಗೆ?”

“ಎಲ್ಲಿ ಹೋಗುತ್ತೆ? ಚಿಕ್ಕಮ್ಮ ಪೊರಕೆ ತಗೊಂಡು ಬಂದಳಲ್ಲ.”

ಆ ಗಿಡದ ಚಿಗುರು ಬೇರೆ ದೇಶಕ್ಕೆ ಕಳಿಸಿ, ಬದುಕಿಸಿ, ಮತ್ತೆ ದ್ವೀಪಕ್ಕೆ ತಂದು ನೆಟ್ಟಿದ್ದಾರಂತೆ. ಅದನ್ನು ಹೇಳುವಾಗ ಮಾತ್ರ ಅವಳ ದನಿ ಸ್ವಲ್ಪ ತಗ್ಗಿತು. ಚಿಕ್ಕಪ್ಪನ ಪರವಾಗಿ ನಾಚಿಕೆ ಅವಳಿಗೆ ಇದ್ದೇ ಇತ್ತು, ನಗೆಯ ಅಡಿಯಲ್ಲಿ ಇಟ್ಟುಕೊಂಡಿದ್ದಳು.

ಹಬ್ಬದ ಮುನ್ನಾದಿನ ಸಂಜೆ ಅವಳು ನಮ್ಮ ಫ್ಲ್ಯಾಟಿನ ಬೆಲ್ ಒತ್ತಿದಳು. ಕೈಯಲ್ಲಿ ಕಸ ತುಂಬುವ ದೊಡ್ಡ ಕಪ್ಪು ಪ್ಲಾಸ್ಟಿಕ್ ಚೀಲ. ಅದರ ತುಂಬ ಅದೇ ಹೋಟೆಲಿನ, ಅದೇ ಮರದ ಎಲೆ.

“ಹೇಗೆ ತಂದಿರಿ?” ಎಂದೆ.

“ಗೇಟಿಗೆ ಹೋಗಿ ಕೇಳಿದೆ. ನಿಮ್ಮೂರಿನ ಸೂಪರ್‌ವೈಸರ್ ತೋಟದವನಿಗೆ ಹೇಳಿ ಕಟ್ಟಿಸಿ ಕೊಟ್ಟ,” ಎಂದಳು, ಅಂಗಡಿಯಿಂದ ಉಪ್ಪು ತಂದವಳ ಹಾಗೆ.

ಆ ಚೀಲ ನೋಡಿದಾಗ ಆದಷ್ಟು ಅವಮಾನ ಲಾಬಿಯಲ್ಲೂ ಆಗಿರಲಿಲ್ಲ. ಕೇಳುವುದು ಅಷ್ಟೇ ಇತ್ತು. ಒಂದು ವಾಕ್ಯ.

ಅಡುಗೆಮನೆಯ ನೆಲದ ಮೇಲೆ ಪೇಪರ್ ಹಾಸಿ ಕೂತೆವು. ಅವಳು ಮುಳ್ಳು ತೆಗೆಯುವ ಕ್ರಮ ನನ್ನದಕ್ಕಿಂತ ಬೇರೆ. ನಾನು ಚೂರಿಯಲ್ಲಿ ಹೆರೆಯುತ್ತೇನೆ, ಅವಳು ಎಲೆಯ ತುದಿಯಲ್ಲಿ ಸೀಳಿ ಅಂಚನ್ನು ಒಂದೇ ಎಳೆತಕ್ಕೆ ಉದ್ದಕ್ಕೂ ಕಿತ್ತುಬಿಡುತ್ತಾಳೆ. ಎಲೆ ದಪ್ಪ, ಗ್ಯಾಸಿನ ಉರಿಗೆ ಬೇಗ ಬಾಡಲಿಲ್ಲ. ಮೊದಲನೆಯದು ಸುತ್ತುವಾಗಲೇ ಬಿರಿಯಿತು. ಎರಡನೆಯದನ್ನು ಸೀಳಿ ಸಣ್ಣದು ಮಾಡಿ, ಇನ್ನೊಮ್ಮೆ ಬಾಡಿಸಿ, ಬೆರಳಿಗೆ ಸುತ್ತಿದೆ. ನಿಂತಿತು. ಮತ್ತೆ ಕೈ ನಿಲ್ಲಲಿಲ್ಲ. ಮಗಳು ಸಿಂಕಿನ ಹತ್ತಿರ ಇಡ್ಲಿ ಹಿಟ್ಟು ಕಲಸುತ್ತಾ ನನ್ನ ಕೈಯನ್ನೇ ನೋಡುತ್ತಿದ್ದಳು.

ಹಬ್ಬಕ್ಕೆ ರಜೆ ಹಾಕಿದ್ದ ಅಳಿಯ ಒಳಗೆ ಬಂದ. ಸಾಲಾಗಿ ನಿಂತ ಹಸಿರು ಲೋಟಗಳಲ್ಲಿ ಒಂದನ್ನು ಎತ್ತಿ, ಬಗ್ಗಿ, ನನ್ನ ಕಿವಿಯ ಹತ್ತಿರ ದೊಡ್ಡ ದನಿಯಲ್ಲಿ, “ವೆರಿ ಗುಡ್ ಮಮ್ಮಿ. ಇದು ಹೇಗೆ ಮಾಡುದು ಅಂತ ನಿಮಗೆ ನೆನಪುಂಟಾ?” ಎಂದ.

ನಾನು ತಲೆ ಎತ್ತಲಿಲ್ಲ. ನನ್ನ ಗೆಳತಿಗೆ ಭಾಷೆ ಗೊತ್ತಿಲ್ಲದಿದ್ದರೂ ದನಿ ಗೊತ್ತಾಯಿತು. ಎಲೆ ಎಳೆಯುವುದನ್ನು ನಿಲ್ಲಿಸಿದಳು.

“ಸಾಕು,” ಎಂದಳು ಮಗಳು. ಗಂಡನಿಗೆ ಹೇಳಿದ್ದು. “ಮಮ್ಮಿಗೆ ಎಂತದೂ ಆಗಲಿಲ್ಲ. ಎಲೆ ಕದ್ದು ಸಿಕ್ಕಿಬಿದ್ದದ್ದು. ಮರೆವು ಅಂತ ಹೇಳಿದ್ದು ನಾನು. ಬಾಯಿಗೆ ಬಂತು, ಹೇಳಿಬಿಟ್ಟೆ. ಆಮೇಲೆ ಹಿಂದೆ ತಗೊಳ್ಳಲಿಕ್ಕೆ ಗೊತ್ತಾಗಲಿಲ್ಲ.”

ಅಳಿಯ ಮೂಡೆಯನ್ನು ಹಾಗೇ ಹಿಡಿದು ನಿಂತ. “ಕದ್ದದ್ದಾ?” ಎಂದ. ಬಾಗಿಲಿನಲ್ಲಿ ನಿಂತಿದ್ದ ಮೊಮ್ಮಗಳು, “ಗ್ರಾನಿ ಸ್ಟೋಲ್?” ಎಂದಳು, ಕಣ್ಣು ಅರಳಿಸಿಕೊಂಡು. ಅವಳ ದನಿಯಲ್ಲಿ ಮರ್ಯಾದೆ ಹೆಚ್ಚಾಗಿತ್ತೇ ಹೊರತು ಕಡಿಮೆಯಾಗಿರಲಿಲ್ಲ.

ಆ ಗಳಿಗೆಯಲ್ಲಿ ನಾನು ನನ್ನ ಮನೆಯವರ ಎದುರು ಕಳ್ಳಿಯಾದೆ, ಬುದ್ಧಿ ಸರಿಯಿರುವವಳೂ ಆದೆ. ಮುಖ ಸುಡುತ್ತಿತ್ತು. ಆದರೆ ಅದು ನನ್ನದೇ ನಾಚಿಕೆ, ನಾನು ಮಾಡಿದ್ದಕ್ಕೆ ಬಂದದ್ದು. ಮಾಡದ್ದನ್ನು ಹೊತ್ತುಕೊಂಡಿರುವುದಕ್ಕಿಂತ ಹಗುರ. ನಾನು ಮಗಳ ಕಡೆ ನೋಡಿದೆ. ಜನ್ಮದಲ್ಲಿ ಮಾಡದ ಕೆಲಸ ಮಾಡಿದೆ.

“ನನ್ನ ಕೀ ಬೇಕು ಪುತಾ,” ಎಂದೆ. “ಕೊಡ್ತೀಯಾ?”

ಅವಳ ಎರಡೂ ಕೈ ಹಿಟ್ಟಿನಲ್ಲಿದ್ದವು. “ನನ್ನ ಬ್ಯಾಗಲ್ಲಿ ಉಂಟು. ನೀನೇ ತಗೋ,” ಎಂದಳು.

ಹಬ್ಬದ ಮೂಡೆ ಊರಿನದರ ಹಾಗೆ ಆಗಲಿಲ್ಲ. ಆ ಕಸಿನ್ ಎಲೆಗೆ ಪರಿಮಳ ಕಡಿಮೆ. ಗೆಳತಿ ಬೆಲ್ಲದ ತೆಂಗಿನ ಹಾಲಿನಲ್ಲಿ ಅದ್ದಿ ತಿಂದು, ಎಲೆಯನ್ನು ತೊಳೆದು ಮಡಚಿ ಇಟ್ಟುಕೊಂಡಳು, ಹೆಣೆಯಲಿಕ್ಕೆ.

ಮಾರನೆಯ ದಿನ ಟಿಫಿನ್ ಡಬ್ಬಿಯಲ್ಲಿ ಮೂಡೆ ಹಾಕಿಕೊಂಡು, ನನ್ನದೇ ಕೀಯಲ್ಲಿ ಬಾಗಿಲು ಹಾಕಿ, ಆ ಹೋಟೆಲಿಗೆ ಹೋದೆ. ಬ್ಯಾರಿ ಸೂಪರ್‌ವೈಸರ್ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, “ಹಬ್ಬ ಆಯ್ತು ಬಾಯಮ್ಮ,” ಎಂದ. ಅವನಿಗೆ ಸಾರಿ ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಬಾಗಿಲು ಸರಿಯಿತು. ಮ್ಯಾನೇಜರ್.

ಅವನ ಮುಖದಲ್ಲಿ ಅದೇ ಮಮತೆ. ಬಗ್ಗಿದ, ಮಂಡಿಯ ಮೇಲೆ ಕೈಯಿಟ್ಟ. “ಮಾಮಾ! ಯೂ ಕೇಮ್ ಬ್ಯಾಕ್. ಈಸ್ ಯುವರ್ ಡಾಟರ್ ಹಿಯರ್?”

ಕೈಂಡ್ಲಿ ಅಲೌ ಮಿ ಟು ಎಕ್ಸ್‌ಪ್ಲೇನ್, ಸರ್. ನಾಲಿಗೆಯ ತುದಿಯಲ್ಲೇ ಇತ್ತು. ಮಗಳ ಬ್ಯಾಡ್ಜ್ ನೆನಪಾಯಿತು, ರಿನ್ಯೂವಲ್ ಆಗಬೇಕಾದ ವೀಸಾ ನೆನಪಾಯಿತು. ಸೂಪರ್‌ವೈಸರ್ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು ನೆಲ ನೋಡುತ್ತಾ ನಿಂತ.

ನಾನು ಆ ನಗುವನ್ನು ನಕ್ಕೆ. ಈಗ ಅದು ಸಲೀಸಾಗಿ ಬಂತು. ಅವರು ಜ್ಯೂಸ್ ತಂದರು, ಸ್ಟ್ರಾ ಚುಚ್ಚಿ ಕೊಟ್ಟರು. ಲಾಬಿಯ ತಂಪಿನಲ್ಲಿ ಕೂತು ಪೂರ್ತಿ ಕುಡಿದೆ. ಹೊರಗೆ ಆ ಮರಗಳ ಸಾಲು ಕಾಣುತ್ತಿತ್ತು, ಒಂದರಲ್ಲಿ ಮಾತ್ರ ನನ್ನ ಕತ್ತರಿಯ ಗಾಯ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು.